ಆಢ್ಯನಲ್ಲದ ರೋಗಿ

ಚಿಕಿತ್ಸೆಯು ನಾಲ್ಕು ಪಾದಗಳ ಮೇಲೆ ನಿಲ್ಲುತ್ತದೆಂದು ಆಯುರ್ವೇದಶಾಸ್ತ್ರವು ಸಾರುತ್ತದೆ. ಭಿಷಕ್, ದ್ರವ್ಯ, ಉಪಸ್ಥಾತೃ, ರೋಗಿ, ಎಂದರೆ ವೈದ್ಯ, ಔಷಧ, ಪರಿಚಾರಕ, ಬೇನೆಗೊಂಡವನು ಎಂಬಿವೇ ಆ ನಾಲ್ಕು. ಒಂದೊಂದು ಪಾದಕ್ಕೂ ನಾಲ್ನಾಲ್ಕು ಗುಣಗಳು ವಿಹಿತವಾಗಿವೆ. ರೋಗಿಗೆ ಇರತಕ್ಕ ಗುಣಗಳಾವುವು? ಚರಕಸಂಹಿತೆಯ ಪ್ರಕಾರ ಸ್ಮೃತಿ, ವೈದ್ಯನ ಮಾತಿನಂತೆ ನಡೆಯುವಿಕೆ, ನಿರ್ಭೀತಿ, ತನ್ನ ಬಾಧೆಯನ್ನು ತಿಳಿಯಪಡಿಸುವ ಶಕ್ತಿ. ಚರಕನಿಗಿಂತ ಈಚಿನವನಾದ ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇದೇ ಪಟ್ಟಿಯನ್ನು ಕೊಡುವಾಗ ಮೊದಲಲ್ಲಿಯೇ ಒಂದು ಹೊಸ ಪದವನ್ನು ಇರಿಸುತ್ತಾನೆ. ಆ ಪದ ‘ಆಢ್ಯ’. ರೋಗಿಯು ಸಿರಿವಂತನಾಗಿರಬೇಕು!

ಇದಕ್ಕಾಗಿ ವಾಗ್ಭಟನನ್ನು ಹಳಿಯುವುದು ಉಚಿತವಲ್ಲ. ಔಷಧಿಗೆ ಬೆಲೆಯುಂಟು, ಪಥ್ಯಕ್ಕೆ ವೆಚ್ಚವುಂಟು, ವಿಶ್ರಾಂತಿಗೆ ಅದಕ್ಕಿಂತಲೂ ಹೆಚ್ಚಿನ ವೆಚ್ಚವುಂಟು. ಲೋಕದಲ್ಲಿ ಕಂಡುದನ್ನು ಆತನು ಮುಚ್ಚುಮರೆಯಿಲ್ಲದೆ ಬರೆದನು. ಮುಚ್ಚಿಟ್ಟು ಮಧುರವಾಗಿ ನುಡಿಯುವವರಿಗಿಂತ ಇದು ಮೇಲು. ಆದರೆ ಆ ಒಂದು ಪದದಿಂದ ಧರ್ಮಜಿಜ್ಞಾಸೆಯ ತೊಡಕಾದ ಪ್ರಶ್ನೆಯೊಂದು ಏಳುತ್ತದೆ. ಆಢ್ಯನಲ್ಲದವನ ಗತಿಯೇನು? ಅವನ ಪಾಲಿಗೆ ಚಿಕಿತ್ಸೆಯು ಮೂರು ಕಾಲಿನ ಮಂಚವಾಗಿಯೇ ಉಳಿಯಬೇಕೆ? ಅಥವಾ ಅವನಲ್ಲಿಲ್ಲದ ಆ ಗುಣವನ್ನು ತುಂಬಿಕೊಡುವ ಹೊಣೆ ಮತ್ತೊಬ್ಬರದೋ? ಮತ್ತೊಬ್ಬರದಾದರೆ ಅದು ಅವರ ಔದಾರ್ಯವೋ, ಅವರು ತೀರಿಸಬೇಕಾದ ಋಣವೋ?

ಕಾಯವೇ ಕೈಲಾಸಸಾಧನೆಯ ನೆಲೆಯೆಂದು ನಂಬಿದ ಶರಣಪಂಥಕ್ಕೆ ಈ ಪ್ರಶ್ನೆ ಹೊರಗಿನದಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸುವವನಿಗೆ ಅಂಗವು ಹೇಯವಸ್ತುವಾಗಲಾರದು. ಹನ್ನೆರಡನೆಯ ಶತಮಾನದ ಶರಣಸಮೂಹದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು; ಮಡಿವಾಳ, ಅಂಬಿಗ, ನುಲಿಯ ಕಾಯಕಗಳಂತೆ ವೈದ್ಯವೂ ಅಲ್ಲಿ ಕಾಯಕವಾಗಿತ್ತು. ಕಾಯಕವೆಂದ ಮೇಲೆ ಅದರ ಫಲ ದಾಸೋಹಕ್ಕೆ ಸಲ್ಲಬೇಕು. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನೇ ದಾಸ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಇಂದಿನ ಸಾರ್ವಜನಿಕ ಆರೋಗ್ಯವ್ಯವಸ್ಥೆಯನ್ನು ಪರಿಶೀಲಿಸಬೇಕಾಗಿದೆ.

ನಮ್ಮ ದೇಶದಲ್ಲಿ ಆ ಪದವನ್ನು ಅಳಿಸುವ ದೊಡ್ಡ ಪ್ರಯತ್ನವೊಂದು ಸ್ವಾತಂತ್ರ್ಯದ ಹೊಸ್ತಿಲಲ್ಲಿಯೇ ನಡೆಯಿತು. ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕಗೊಂಡ ಸಮಿತಿಯು 1946ರಲ್ಲಿ ವರದಿಯನ್ನೊಪ್ಪಿಸಿತು. ಹಣ ತೆರಲಾರನೆಂಬ ಕಾರಣದಿಂದ ಯಾವನೊಬ್ಬನಿಗೂ ವೈದ್ಯಸಹಾಯವು ತಪ್ಪಬಾರದೆಂಬುದೇ ಅದರ ಮೂಲಸೂತ್ರ. ಅನಂತರ ಸಂವಿಧಾನದ 47ನೆಯ ಅನುಚ್ಛೇದವು ಜನರ ಪೌಷ್ಟಿಕತೆಯನ್ನೂ ಸಾರ್ವಜನಿಕ ಆರೋಗ್ಯವನ್ನೂ ಮೇಲೆತ್ತುವುದು ರಾಜ್ಯದ ಕರ್ತವ್ಯವೆಂದು ವಿಧಿಸಿತು. 1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಮೂಡಿದವು. ಬಯಲುಸೀಮೆಯಲ್ಲಿ 30,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಕೇಂದ್ರ. ಅದರ ಕೆಳಗೆ ಕ್ರಮವಾಗಿ 5,000 ಮತ್ತು 3,000 ಜನಕ್ಕೊಂದು ಉಪಕೇಂದ್ರ. ಇದು ಇಂದಿನ ನಿಯಮ. ಬಡವನಿಗೆ ಇಲ್ಲಿ ಶುಲ್ಕದ ಭಾರವಿಲ್ಲ. ಹಾಗಾದರೆ ವಾಗ್ಭಟನ ಪದ ಅಳಿಸಿಹೋಯಿತೆ?

ಕೂಲಿಯ ಮನೆಯೊಂದನ್ನು ನೆನೆದರೆ ಉತ್ತರ ದೊರೆಯುತ್ತದೆ. ತಾಯಿಗೆ ವಾರದಿಂದ ಜ್ವರ. ಆಸ್ಪತ್ರೆಯಲ್ಲಿ ಚೀಟಿಗೆ ಹಣವಿಲ್ಲ, ಮಾತ್ರೆಗೆ ಹಣವಿಲ್ಲ. ಆದರೆ ಅಲ್ಲಿಗೆ ಹೋಗುವ ದಿನದ ಕೂಲಿ ಹೋಗುತ್ತದೆ. ಜೊತೆಗೆ ಹೋಗುವ ಗಂಡನ ಕೂಲಿಯೂ ಹೋಗುತ್ತದೆ. ಎಳೆಯ ಮಗುವನ್ನು ನೋಡಿಕೊಳ್ಳಲು ಹಿರಿಯ ಮಗಳು ಶಾಲೆ ಬಿಡಬೇಕು. ಬಸ್ಸಿನ ವೆಚ್ಚ ಬೇರೆ. ರಕ್ತಪರೀಕ್ಷೆಗೆ ನಾಳೆ ಬನ್ನಿರೆಂದರೆ ಇವೆಲ್ಲವೂ ಇಮ್ಮಡಿ. ಆದ್ದರಿಂದ ಆ ತಾಯಿ ಹತ್ತಿರದ ಅಂಗಡಿಯಲ್ಲಿ ಒಂದು ಮಾತ್ರೆ ಕೊಂಡು ನುಂಗಿ ಕಳೆ ಕೀಳಲು ಹೋಗುತ್ತಾಳೆ. ಇದನ್ನು ಅಜ್ಞಾನವೆಂದು ಕರೆಯುವವರು ಬಹಳ. ಅವಳ ಲೆಕ್ಕಾಚಾರವಾದರೋ ಕರಣಿಕನ ಕಡತದಷ್ಟೇ ಕರಾರುವಾಕ್ಕು. ಚಿಕಿತ್ಸೆ ಉಚಿತವಾಯಿತು, ಚಿಕಿತ್ಸೆಯನ್ನು ತಲುಪುವುದು ಉಚಿತವಾಗಲಿಲ್ಲ. ‘ಆಢ್ಯ’ನೆಂಬ ಪದವು ಚೀಟಿ ಬರೆಯುವ ಮೇಜಿನಿಂದ ಎದ್ದು ದಾರಿಯಲ್ಲಿ ಹೋಗಿ ಕುಳಿತಿದೆ, ಅಷ್ಟೆ.

ದಾರಿಯನ್ನು ಸವೆಸಿದವರಿಗೂ ಬಾಗಿಲು ಮುಚ್ಚಿರುವುದುಂಟು. 1992ರಲ್ಲಿ ಪಶ್ಚಿಮ ಬಂಗಾಳದ ಕೃಷಿಕಾರ್ಮಿಕನೊಬ್ಬನು ರೈಲಿನಿಂದ ಬಿದ್ದು ತಲೆಗೆ ತೀವ್ರವಾದ ಪೆಟ್ಟು ತಿಂದನು. ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಅವನನ್ನು ಹೊತ್ತೊಯ್ದರೂ ಒಂದು ಕಡೆ ಸಲಕರಣೆಯಿಲ್ಲ, ಮತ್ತೊಂದು ಕಡೆ ಹಾಸಿಗೆಯಿಲ್ಲ. ಕಡೆಗೆ ಖಾಸಗಿ ಆಸ್ಪತ್ರೆಯಲ್ಲಿ ಹಣ ತೆತ್ತು ಪ್ರಾಣ ಉಳಿಸಿಕೊಂಡನು. ಆ ವ್ಯಾಜ್ಯದಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತು, ಸಕಾಲದಲ್ಲಿ ತುರ್ತುಚಿಕಿತ್ಸೆ ಕೊಡದಿರುವುದು ಜೀವಿಸುವ ಹಕ್ಕಿನ ಭಂಗವೆಂದೂ, ಹಣದ ಅಭಾವವು ಅದಕ್ಕೆ ನೆಪವಾಗದೆಂದೂ ಹೇಳಿತು. ಮೇಲೆ ಕೇಳಿದ ಪ್ರಶ್ನೆಗೆ ಲೌಕಿಕ ನ್ಯಾಯವು ಇಲ್ಲಿ ಸ್ಪಷ್ಟವಾಗಿ ಉತ್ತರಿಸಿದೆ: ಇದು ಔದಾರ್ಯವಲ್ಲ, ಋಣ.

ಋಣವನ್ನು ತೀರಿಸುವ ಬಗೆ ಯಾವುದು? ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗವು ಇಲ್ಲಿ ವಿಚಾರಾರ್ಹವಾಗಿದೆ. ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆಗಳನ್ನು ಕಟ್ಟಿಸಿದರು, ಗುಡಿಗಳನ್ನು ನಿಲ್ಲಿಸಿದರು; ಸಾವಿರಾರು ಜನರು ಆ ಕೆಲಸದಲ್ಲಿ ತೊಡಗಿದ್ದರು. ಅಲ್ಲಿಗೆ ಬಂದ ಅಲ್ಲಮಪ್ರಭುದೇವರು ಆ ಮಹಾಕಾರ್ಯವನ್ನು ಹೊಗಳಲಿಲ್ಲ. ಮಣ್ಣು ತೋಡುವವನೆಂದು ಹಗುರವಾಗಿ ಕರೆದರು. ಕೆಲಸಗಾರರು ಕೆರಳಿ ಕಲ್ಲೆಸೆದರಂತೆ. ಲೋಕೋಪಕಾರವನ್ನು ಪ್ರಭುದೇವರು ನಿಂದಿಸಿದರೆಂದು ಇದನ್ನು ಓದುವವರುಂಟು. ಆ ಓದು ಸಮರ್ಪಕವಲ್ಲ. ಕೆರೆಯ ನೀರು ಬಾಯಾರಿದವನಿಗೆ ಸಲ್ಲುವುದರಲ್ಲಿ ಪ್ರಭುದೇವರಿಗೆ ಆಕ್ಷೇಪವೇಕಿರಬೇಕು? ಕಟ್ಟಿದ ಕಲ್ಲನ್ನೇ ಪುಣ್ಯವೆಂದು ಬಗೆದು ಅಲ್ಲಿಯೇ ನಿಂತುಬಿಡುವ ಮನಸ್ಸು ಅವರಿಗೆ ಸಲ್ಲಲಿಲ್ಲ. ಸ್ಥಾವರಕ್ಕೂ ಜಂಗಮಕ್ಕೂ ಇರುವ ಅಂತರವೇ ಇದು.

ಆರೋಗ್ಯಸೇವೆಯೂ ನಮ್ಮಲ್ಲಿ ಬಹುಮಟ್ಟಿಗೆ ಸ್ಥಾವರವಾಗಿದೆ. ಶಿಲಾನ್ಯಾಸ, ಕಟ್ಟಡ, ಉದ್ಘಾಟನೆಯ ಫಲಕ! (ಫಲಕದ ಮೇಲಿನ ಹೆಸರುಗಳನ್ನು ಓದಿ ಮುಗಿಸುವ ಹೊತ್ತಿಗೆ ರೋಗಿಯ ಸರದಿಯೇ ಬಂದೀತು.) ಕಟ್ಟಡ ಬೇಕು, ಮರದ ಕೆಳಗೆ ಶಸ್ತ್ರಚಿಕಿತ್ಸೆಯಾಗದು. ಆದರೆ ಕಟ್ಟಡವು ಎದ್ದು ರೋಗಿಯ ಬಳಿಗೆ ಹೋಗಲಾರದು. ಜಂಗಮಧರ್ಮದಲ್ಲಿ ಭಕ್ತನ ಮನೆಬಾಗಿಲಿಗೆ ನಡೆದುಹೋಗುವುದೇ ಮಾರ್ಗ. ಬಾಗಿಲು ತೆರೆದಿದೆ, ಬಾರದವನ ತಪ್ಪು ಎಂದು ಜಂಗಮನು ಎಂದೂ ಹೇಳಲಾರನು.

ಇದು ಬರಿಯ ಕಲ್ಪನೆಯಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಪೋಡುಗಳು ಕಾಡಿನ ನಡುವೆ ಚದುರಿವೆ. ಡಾ. ಎಚ್. ಸುದರ್ಶನ್ ಅವರು ವೈದ್ಯಪದವಿ ಪಡೆದು ಆ ಬೆಟ್ಟಕ್ಕೆ ಹೋದಾಗ ರೋಗಿಗಳು ಅವರ ಬಳಿಗೆ ಬರಲಿಲ್ಲ; ಅವರೇ ಪೋಡಿನಿಂದ ಪೋಡಿಗೆ ನಡೆದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಅಲ್ಲಿ ಸ್ಥಾಪನೆಯಾಯಿತು. ಸೋಲಿಗರಲ್ಲಿ ಕುಡಗೋಲುಕಣ ರಕ್ತಹೀನತೆಯೆಂಬ ವಂಶಪಾರಂಪರ್ಯದ ರೋಗವಿರುವುದು ತಿಳಿದುಬಂತು. ಅಂತಹ ಬೇನೆ ಪೇಟೆಯ ಆಸ್ಪತ್ರೆಯಲ್ಲಿ ಕುಳಿತವರ ಗಮನಕ್ಕೆ ಬರುವುದು ಕಷ್ಟ, ಏಕೆಂದರೆ ಬೇನೆಯುಳ್ಳವರು ಅಲ್ಲಿಗೆ ಬರುವುದೇ ಇಲ್ಲ. ಗಿರಿಜನ ಹೆಣ್ಣುಮಕ್ಕಳಿಗೇ ಶುಶ್ರೂಷೆಯ ತರಬೇತಿ ಕೊಟ್ಟುದು ಮತ್ತೊಂದು ಮುಖ್ಯವಾದ ಹೆಜ್ಜೆ. ಚರಕನು ಹೇಳಿದ ಗುಣಗಳಲ್ಲಿ ನಿರ್ಭೀತಿ, ತಿಳಿಯಪಡಿಸುವ ಶಕ್ತಿ ಎಂಬೆರಡು ಇದ್ದುವಷ್ಟೆ. ಅಪರಿಚಿತರ ಎದುರಿನಲ್ಲಿ ತಲೆತಗ್ಗಿಸಿ ಮೂಕಳಾಗುವ ಬಾಣಂತಿ ತನ್ನ ನುಡಿಯನ್ನಾಡುವ ಹೆಣ್ಣುಮಗಳೆದುರು ಬಾಯಿಬಿಡುತ್ತಾಳೆ. ಭಯವೂ ಮೌನವೂ ರೋಗಿಯ ದೋಷಗಳೆಂದು ತೋರುವುದುಂಟು. ಅನೇಕ ವೇಳೆ ಅವು ಎದುರಿಗಿರುವವರು ಹುಟ್ಟಿಸಿದವು. 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಸರ್ಕಾರವು ಅದೇ ಬಳಗದ ಕರುಣಾ ಟ್ರಸ್ಟಿಗೆ ಒಪ್ಪಿಸಿತು. ಸ್ಥಾವರವು ಸರ್ಕಾರದ್ದಾಗಿದ್ದು ಚಲನೆ ಬೇರೆಯವರದಾಗಬಹುದೆಂಬುದಕ್ಕೆ ಇದು ನಿದರ್ಶನ.

ಇಲ್ಲಿ ಒಂದು ಆಕ್ಷೇಪವಿದೆ. ಅದು ಶರಣಸಾಹಿತ್ಯವನ್ನು ಓದಿದವರಿಂದಲೇ ಬರುತ್ತದೆ. ಎಲ್ಲವನ್ನೂ ಮನೆಬಾಗಿಲಿಗೆ ಒದಗಿಸಿದರೆ ಸ್ವಾವಲಂಬನ ಕೆಡುವುದಿಲ್ಲವೆ? ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮನು ಹಿಂದಿರುಗಿಸಿ ಬರಲು ಹೇಳಲಿಲ್ಲವೆ? ಹೇಳಿದಳು, ನಿಜ. ಆಕೆ ಮರಳಿಸಿದ್ದು ಅಗತ್ಯಕ್ಕೆ ಮೀರಿದುದನ್ನು. ಅಂದಂದಿನ ದಾಸೋಹಕ್ಕೆ ಬೇಕಾದುದನ್ನು ಆಕೆ ಬೇಡವೆನ್ನಲಿಲ್ಲ. ಬೇನೆಯು ಕಾಯಕದ ಕೈಯನ್ನೇ ಕಟ್ಟಿಹಾಕುತ್ತದೆ. ಕ್ಷಯರೋಗಕ್ಕೆ ತಿಂಗಳುಗಟ್ಟಲೆ ಔಷಧ ಪಡೆದು ಎದ್ದವನು ಮರಳಿ ಕುಡುಗೋಲು ಹಿಡಿಯುತ್ತಾನೆ. ಅವನ ಕಾಯಕವನ್ನು ಅವನಿಗೆ ಮರಳಿಸಿದ್ದನ್ನು ಸೋಮಾರಿತನಕ್ಕೆ ಪ್ರೋತ್ಸಾಹವೆನ್ನುವುದು ತರ್ಕಕ್ಕೆ ನಿಲ್ಲದು. ಇನ್ನು, ಇಂತಹ ಆಕ್ಷೇಪವು ಸಾಮಾನ್ಯವಾಗಿ ಸ್ವಂತ ವಾಹನವುಳ್ಳವರ ಬಾಯಿಂದಲೇ ಬರುವುದೆಂಬುದನ್ನೂ ಗಮನಿಸಬಹುದು.

ಕಾಯಕತತ್ತ್ವದಿಂದ ನಿಜವಾಗಿ ಏಳುವ ಪ್ರಶ್ನೆಯು ಮತ್ತೊಂದು ಕಡೆಗಿದೆ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸುಮಾರು 1,000 ಜನಕ್ಕೊಬ್ಬಳಂತೆ ಆಶಾ ಕಾರ್ಯಕರ್ತೆಯನ್ನು ನಿಯಮಿಸಿತು. ಅದೇ ಊರಿನ ಹೆಣ್ಣುಮಗಳು; ಬಸುರಿಯನ್ನು ಹೆರಿಗೆಗೆ ಕರೆದೊಯ್ಯುವವಳು, ಚುಚ್ಚುಮದ್ದಿನ ದಿನವನ್ನು ಮನೆಮನೆಗೆ ನೆನಪಿಸುವವಳು. ಸ್ಥಾವರಕ್ಕೆ ಕಾಲು ಮೂಡಿದ್ದು ಅವಳಿಂದ. ಆದರೆ ಅವಳು ಸ್ವಯಂಸೇವಕಿಯೆಂದೂ, ಅವಳಿಗೆ ಸಲ್ಲುವುದು ಸಂಬಳವಲ್ಲ, ಗೌರವಧನವೂ ಪ್ರೋತ್ಸಾಹಧನವೂ ಎಂದೂ ವ್ಯವಸ್ಥೆಯಾಯಿತು. 2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಚಳಿಗಾಲದ ರಾತ್ರಿಗಳಲ್ಲಿ ಬೀದಿಯಲ್ಲಿ ಕುಳಿತು, ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆಯನ್ನು ಪಡೆಯಬೇಕಾಯಿತು. ಸೇವೆಯೆಂಬ ಪವಿತ್ರಶಬ್ದವನ್ನು ಕೂಲಿ ತಗ್ಗಿಸುವ ಉಪಾಯವನ್ನಾಗಿ ಮಾಡಿಕೊಳ್ಳುವುದು ಶರಣರಿಗೆ ಸಮ್ಮತವಾಗುವ ಮಾತಲ್ಲ. ದಾಸೋಹವು ದುಡಿದವನು ತಾನಾಗಿ ಸಲ್ಲಿಸುವುದು; ದುಡಿದವಳಿಂದ ಇತರರು ಕಿತ್ತುಕೊಳ್ಳುವುದಕ್ಕೆ ಆ ಹೆಸರಿಲ್ಲ. ಬಡವರ ಆರೋಗ್ಯದ ಭಾರವನ್ನು ಬಡಹೆಣ್ಣುಮಕ್ಕಳ ಹೆಗಲಿಗೇ ಹೊರಿಸಿ, ಊರು ತನ್ನನ್ನು ಧರ್ಮಿಷ್ಠವೆಂದು ಕರೆದುಕೊಳ್ಳುವುದು ಎಷ್ಟರಮಟ್ಟಿಗೆ ಸಾಧು?

ಮಾತಿನ ವಿಚಾರವೂ ಇದೆ. ಸಿದ್ಧಗಂಗೆಯಂತಹ ಕ್ಷೇತ್ರದಲ್ಲಿ ಊಟದ ಪಂಕ್ತಿಗೆ ಕುಳಿತವನನ್ನು ನೀನಾರೆಂದು ಯಾರೂ ಕೇಳುವುದಿಲ್ಲ. ಚೀಟಿಯ ಕಿಟಕಿಯಲ್ಲಾದರೋ ಮೊದಲ ಮಾತೇ ಕಾರ್ಡೆಲ್ಲಿ ಎಂಬುದು, ಅದೂ ಏಕವಚನದಲ್ಲಿ. ಲೆಕ್ಕಕ್ಕಾಗಿ ಕಾರ್ಡು ಬೇಕು. ಗುಳೆ ಹೋಗಿ ಬಂದವನಲ್ಲಿ ಅದು ಇರದೆಯೂ ಹೋಗಬಹುದು. ‘ಬಾರಮ್ಮ, ಕೂತುಕೋ’ ಎಂಬ ಏಕವಚನವೂ ಇದೆ, ‘ಯಾಕೆ ಇಷ್ಟು ತಡ?’ ಎಂಬ ಏಕವಚನವೂ ಇದೆ. ಎರಡನೆಯದನ್ನು ಒಮ್ಮೆ ಕೇಳಿದವಳು ಮರುವಾರ ಬರುವುದಿಲ್ಲ. ದಾಖಲೆಯಲ್ಲಿ ಅವಳು ‘ಚಿಕಿತ್ಸೆ ನಿಲ್ಲಿಸಿದವಳು’ ಎಂದು ನಮೂದಾಗುತ್ತಾಳೆ. ಯಾರು ನಿಲ್ಲಿಸಿದರು?

ಕಾಲದ ವಿಚಾರ ಇನ್ನೊಂದು. ಕೂಲಿಯ ಹೊತ್ತೂ ಆಸ್ಪತ್ರೆಯ ಹೊತ್ತೂ ಒಂದೇ ಆಗಿರುವವರೆಗೆ ಉಚಿತವೆಂಬ ಮಾತು ಅರ್ಧಸತ್ಯ. 2013ರಲ್ಲಿ ರೂಪುಗೊಂಡ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನದ ಯೋಜನೆಯಲ್ಲಿ, ನಗರದ ಪ್ರಾಥಮಿಕ ಕೇಂದ್ರಗಳು ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ತೆರೆದಿರುವುದು ಲೇಸೆಂದು ಸೂಚಿಸಲಾಯಿತು. ಹೊಸ ಯಂತ್ರವನ್ನಾಗಲಿ ಹೊಸ ಕಟ್ಟಡವನ್ನಾಗಲಿ ಬೇಡದ ಸೂಚನೆಯಿದು. ಕೂಲಿ ಮುಗಿಸಿ ಬರುವವಳ ಗಡಿಯಾರವನ್ನು ಒಮ್ಮೆ ನೋಡಿಕೊಂಡಂತಿದೆ. ಹಳ್ಳಿಯಲ್ಲಿ ಕಳೆ ಕೀಳುವವಳು ಗದ್ದೆಯಿಂದ ಬರುವುದೂ ದೀಪ ಹಚ್ಚುವ ಹೊತ್ತಿಗೇ.