ಅಚೌರ್ಯವ್ರತವೂ ಹೃದ್ರೋಗದ ಮಾತ್ರೆಯೂ

ಶ್ರಾವಕನ ಐದು ಅಣುವ್ರತಗಳಲ್ಲಿ ಅಚೌರ್ಯವು ಮೂರನೆಯದು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಎಂದರೆ ಒಂದು ವಸ್ತುವಿನ ರೂಪವನ್ನು ತೋರಿಸಿ ಮತ್ತೊಂದನ್ನು ಮಾರುವುದು. ಹಾಲಿಗೆ ನೀರನ್ನೂ ಮೆಣಸಿಗೆ ಪರಂಗಿ ಬೀಜವನ್ನೂ ಬೆರೆಸುವವನು ಈ ದೋಷಕ್ಕೆ ಗುರಿಯಾಗುವನೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಮಾರುವ ದಿನ ಶುದ್ಧವಾಗಿದ್ದ ವಸ್ತುವು ಕೊಂಡವನ ಮನೆಯಲ್ಲಿ ತಾನಾಗಿಯೇ ಗುಣಗೆಟ್ಟರೆ ದೋಷವು ಯಾರದು? ಔಷಧದ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆಯೇ ಆಗಿದೆ.

ಹೃದಯ ವೈಫಲ್ಯವೆಂದರೆ ಹೃದಯವು ದೇಹಕ್ಕೆ ಬೇಕಾದಷ್ಟು ರಕ್ತವನ್ನು ಒತ್ತಿ ಕಳುಹಿಸಲಾರದ ಸ್ಥಿತಿ. ಕಾಲು ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಇಂತಹ ರೋಗಿಗೆ ವೈದ್ಯರು ಸಾಮಾನ್ಯವಾಗಿ ಮೂರು ನಾಲ್ಕು ಬಗೆಯ ಔಷಧಗಳನ್ನು ಕೊಡುವರು. ರಾತ್ರಿಭೋಜನವನ್ನು ತ್ಯಜಿಸಿ, ಸೂರ್ಯಾಸ್ತದ ಬಳಿಕ ನೀರನ್ನೂ ಮುಟ್ಟದ ವೃದ್ಧರಿಗೆ ಇದು ಕಷ್ಟ. ಎರಡು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಕೂಡಿಸಿ ದಿನಕ್ಕೊಮ್ಮೆ ಸೇವಿಸುವಂತೆ ಮಾಡಿದರೆ ವ್ರತವೂ ಉಳಿಯುತ್ತದೆ, ಚಿಕಿತ್ಸೆಯೂ ಸಾಗುತ್ತದೆ. ಆದರೆ ಆಗ ಇಡೀ ದಿನದ ಭಾರವು ಆ ಒಂದು ಮಾತ್ರೆಯ ಮೇಲೆ ಬೀಳುತ್ತದೆ.

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದಲ್ಲಿ ಇಂತಹ ಮಾತ್ರೆಯನ್ನು ಮಾಡುವವನೊಬ್ಬನಿರುವನೆಂದು ಭಾವಿಸೋಣ. ಅವನು ರಾಮಿಪ್ರಿಲ್ ಮತ್ತು ಮೆಟೊಪ್ರೊಲಾಲ್ ಎಂಬ ಎರಡು ಔಷಧಗಳನ್ನು ಕೂಡಿಸಬೇಕಾಗಿದೆ. ರಾಮಿಪ್ರಿಲ್ ಸುಕುಮಾರವಾದುದು. ತೇವ ತಗುಲಿದರೆ ಒಂದು ಬಗೆಯಲ್ಲಿ, ಶಾಖ ತಗುಲಿದರೆ ಮತ್ತೊಂದು ಬಗೆಯಲ್ಲಿ ಅದು ಕೆಡುತ್ತದೆ. ಮಾತ್ರೆಯಾಗಿ ಒತ್ತುವಾಗಿನ ಒತ್ತಡವೂ ಅದಕ್ಕೆ ಹಿತವಲ್ಲ. ಮೆಟೊಪ್ರೊಲಾಲ್ ಆದರೋ ದಿನವಿಡೀ ಮೆಲ್ಲಮೆಲ್ಲನೆ ಬಿಡುಗಡೆಯಾಗಬೇಕು. ಆದುದರಿಂದ ಇವೆರಡನ್ನೂ ಬೇರೆ ಬೇರೆ ಪದರಗಳಾಗಿ ಒತ್ತುವುದು, ರಾಮಿಪ್ರಿಲ್ ಕಣಗಳಿಗೆ ರಕ್ಷಣೆಯ ಲೇಪ ಕೊಡುವುದು, ತೇವ ನುಗ್ಗದಂತೆ ಅಲ್ಯೂಮಿನಿಯಂ ಹಾಳೆಗಳ ನಡುವೆ ಮುಚ್ಚುವುದು ಮುಂತಾದ ಉಪಾಯಗಳಿವೆ. ಮಾತ್ರೆಗೆ ಗಾತ್ರ ಕೊಡಲು ಸೇರಿಸುವ ಪುಡಿಯೂ ಕೆಲವೊಮ್ಮೆ ವೈರಿಯಾಗುವುದುಂಟು. ಇದೇ ರೋಗಕ್ಕೆ ಕೊಡುವ ಹೈಡ್ರಲಜೀನ್ ಎಂಬ ಔಷಧವು ಹಾಲಿನ ಸಕ್ಕರೆಯಂತಹ ಪದಾರ್ಥಗಳೊಡನೆ ಸೇರಿ ಮಾರ್ಪಡಬಲ್ಲದು.

ಹೀಗೆ ಸಿದ್ಧವಾದ ಮಾತ್ರೆಯನ್ನು 40 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇಕಡ 75ರ ಆರ್ದ್ರತೆಯಲ್ಲಿ 6 ತಿಂಗಳು ಇಟ್ಟು ಪರೀಕ್ಷಿಸುವರು. ಉಗ್ರಾಣದ ಹವೆಗೆ ಹೊಂದುವ ಸ್ಥಿತಿಯಲ್ಲಿ ಅದಕ್ಕಿಂತ ಹೆಚ್ಚು ಕಾಲ ಇಟ್ಟು ನೋಡುವರು. ಪಟ್ಟಿಯ ಮೇಲಿನ ಕೊನೆಯ ದಿನಾಂಕಕ್ಕೆ ಇದೇ ಆಧಾರ. ಆ ದಿನಾಂಕವೆಂದರೆ ತಯಾರಕನು ತಾನು ಎಂದೂ ಕಾಣದ ರೋಗಿಗೆ ಕೊಟ್ಟ ವಚನ.

ಪರೀಕ್ಷೆಯನ್ನು ಮೊಟಕುಗೊಳಿಸಿದ ತಯಾರಕನು, “ಮೋಸ ಮಾಡುವ ಭಾವ ನನ್ನಲ್ಲಿರಲಿಲ್ಲ, ಮಾತ್ರೆಯಿಂದ ಯಾರಿಗೂ ಕೇಡಾಗಿಲ್ಲ” ಎಂದು ಹೇಳಬಹುದು. ಶಾಸ್ತ್ರವು ಈ ಸಮಾಧಾನವನ್ನು ಒಪ್ಪುವುದಿಲ್ಲ. ಪ್ರಮತ್ತಯೋಗದಿಂದ ನಡೆಯುವ ಪ್ರಾಣಘಾತವೇ ಹಿಂಸೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇದನ್ನು ಇನ್ನೂ ಬಿಡಿಸಿ ತೋರಿಸಿದ್ದಾರೆ: ಎಚ್ಚರದಿಂದ ನಡೆಯುವವನಿಂದ ಜೀವವೊಂದು ಅಳಿದರೂ ಅವನಿಗೆ ಹಿಂಸೆಯ ದೋಷವಿಲ್ಲ, ಪ್ರಮಾದದಲ್ಲಿರುವವನಿಗೆ ಜೀವವು ಸಾಯಲಿ ಬಿಡಲಿ, ದೋಷ ತಪ್ಪದು. ಆದುದರಿಂದ ಪರೀಕ್ಷಿಸದ ಮಾತ್ರೆಯು ಅದೃಷ್ಟವಶಾತ್ ಚೆನ್ನಾಗಿಯೇ ಉಳಿದರೂ ತಯಾರಕನು ನಿರ್ದೋಷಿಯಾಗಲಾರನು.

ಮನುಷ್ಯನು ಸರ್ವಜ್ಞನಲ್ಲ, ಎಲ್ಲವನ್ನೂ ಮುಂಗಾಣುವುದು ಹೇಗೆ ಎಂಬ ಆಕ್ಷೇಪಣೆ ಉಳಿಯುತ್ತದೆ. ಇದಕ್ಕೆ 2018ರ ಘಟನೆಯೊಂದು ಉತ್ತರ ಕೊಡುತ್ತದೆ. ಹೃದಯ ವೈಫಲ್ಯಕ್ಕೂ ಕೊಡುವ ವಾಲ್ಸಾರ್ಟಾನ್ ಮಾತ್ರೆಗಳನ್ನು ಆ ವರ್ಷ ಅನೇಕ ದೇಶಗಳಲ್ಲಿ ಹಿಂದಕ್ಕೆ ತರಿಸಲಾಯಿತು. ಮೂಲ ಔಷಧವನ್ನು ತಯಾರಿಸುವ ಕ್ರಮವನ್ನು 2012ರಲ್ಲಿ ಬದಲಾಯಿಸಿದುದರಿಂದ, ಕ್ಯಾನ್ಸರ್ ತರಬಹುದಾದ ಕಲ್ಮಷವೊಂದು ಅದರಲ್ಲಿ ಹುಟ್ಟಿತ್ತು. ವಾಡಿಕೆಯ ಪರೀಕ್ಷೆಗಳು ಅದನ್ನು ಹುಡುಕುತ್ತಿರಲಿಲ್ಲವಾಗಿ ವರ್ಷಗಳವರೆಗೆ ಅದು ಕಣ್ಣಿಗೆ ಬೀಳಲಿಲ್ಲ. ವಿಷ ಬೆರೆಸುವ ಇಚ್ಛೆ ಯಾರಿಗೂ ಇದ್ದಂತಿಲ್ಲ. ಆದರೆ ಕ್ರಮವನ್ನು ಬದಲಾಯಿಸಿದಾಗ, ಈ ಬದಲಾವಣೆಯಿಂದ ಹೊಸದಾಗಿ ಏನು ಹುಟ್ಟೀತು ಎಂದು ಕೇಳುವುದು ಸರ್ವಜ್ಞತೆಯಲ್ಲ, ಸಾಮಾನ್ಯ ಎಚ್ಚರ. ಅಪ್ರಮಾದವು ಬೇಡುವುದು ಅಷ್ಟನ್ನೇ.

ಇದಕ್ಕೆ ಎದುರಾಗಿ ಒಳ್ಳೆಯ ನಿದರ್ಶನವೂ ಉಂಟು. ಹೃದ್ರೋಗ ಬರದಂತೆ ತಡೆಯಲು ಐದು ಔಷಧಗಳನ್ನು ಒಂದೇ ಕ್ಯಾಪ್ಸೂಲಿನಲ್ಲಿ ಕೂಡಿಸಿ, ಭಾರತದ 50 ಕೇಂದ್ರಗಳಲ್ಲಿ 2053 ಜನರ ಮೇಲೆ ನಡೆಸಿದ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಅದರಲ್ಲಿ ಮುಖ್ಯ ಪಾತ್ರ ವಹಿಸಿದ್ದರು. ಫಲವು ಬಹುಮಟ್ಟಿಗೆ ಆಶಾದಾಯಕವಾಗಿತ್ತು. ಆದರೂ ಸಿಮ್ವಾಸ್ಟಾಟಿನ್ ಒಂದನ್ನೇ ಕೊಟ್ಟಾಗ ಇಳಿದಷ್ಟು ಕೆಟ್ಟ ಕೊಲೆಸ್ಟರಾಲ್ ಕೂಡಿಸಿದ ಕ್ಯಾಪ್ಸೂಲಿನಿಂದ ಇಳಿಯಲಿಲ್ಲವೆಂಬುದನ್ನು ಅವರು ಮುಚ್ಚಿಡದೆ ಹೇಳಿದರು. ಕೂಡಿಸಿದುದರಲ್ಲಿ ಕುಂದೇನೆಂಬುದನ್ನು ಕೊಳ್ಳುವವನಿಗೆ ತಿಳಿಸಿದರೆ ಅದು ಪ್ರತಿರೂಪಕ ವ್ಯವಹಾರವಾಗುವುದಿಲ್ಲ.

ಎಚ್ಚರವು ತಯಾರಕನೊಬ್ಬನ ಹೊಣೆಯೇ? ಅವನು ಪದರ ಪದರವಾಗಿ ಕಾಪಾಡಿದ ಮಾತ್ರೆಯನ್ನು ಪಟ್ಟಿಯಿಂದ ಬಿಡಿಸಿ ವಾರಗಟ್ಟಲೆ ಡಬ್ಬಿಯಲ್ಲಿ ತುಂಬಿಡುವುದು, ಮೆಲ್ಲನೆ ಬಿಡುಗಡೆಯಾಗಬೇಕಾದುದನ್ನು ಪುಡಿ ಮಾಡಿ ನುಂಗಿಸುವುದು ನಮ್ಮ ಮನೆಗಳಲ್ಲಿಯೂ ನಡೆಯುತ್ತದೆ. ಅಷ್ಟಮಿ, ಚತುರ್ದಶಿಗಳ ಉಪವಾಸದಂದು ವೈದ್ಯರಿಗೆ ತಿಳಿಸದೆ ಮಾತ್ರೆಯನ್ನು ಬಿಟ್ಟು, ಮರುದಿನ ಎರಡನ್ನು ನುಂಗುವವರೂ ಉಂಟು. ಇದೂ ಪ್ರಮಾದವೇ ಸರಿ. ಹೃದಯ ದುರ್ಬಲವಾದವರು ವ್ರತವನ್ನು ಸಂಕಲ್ಪಿಸುವ ಮೊದಲೇ ತಮ್ಮ ನಿಯಮಗಳನ್ನು ವೈದ್ಯರ ಮುಂದಿಟ್ಟು, ಯಾವ ಔಷಧವನ್ನು ಹಗಲಿನ ಯಾವ ಹೊತ್ತಿಗೆ ಸೇವಿಸಬೇಕೆಂದು ಕೇಳಿಕೊಳ್ಳತಕ್ಕದ್ದು. ಉಪವಾಸವು ತಮ್ಮ ದೇಹಕ್ಕೆ ತಕ್ಕುದೇ ಎಂಬುದನ್ನೂ ಕೇಳಬೇಕು. ತ್ಯಾಗವು ಶಕ್ತಿಗೆ ತಕ್ಕಂತಿರಬೇಕೆಂದು ಆಚಾರ್ಯರು ಹೇಳಿರುವರಷ್ಟೆ.