ಈ ವಾಕ್ಯಕ್ಕೆ ಹೊಣೆ ಯಾರು?

ಎಸ್ಸೆಸ್ಸೆಲ್ಸಿ ಕನ್ನಡ ಪತ್ರಿಕೆಯ ಪ್ರಬಂಧದ ಪ್ರಶ್ನೆ ನಮ್ಮಲ್ಲಿ ಬಹಳ ಮಂದಿಗೆ ಇನ್ನೂ ನೆನಪಿರುತ್ತದೆ. ಗ್ರಂಥಾಲಯಗಳ ಮಹತ್ವ, ರಾಷ್ಟ್ರೀಯ ಹಬ್ಬಗಳು, ಪರಿಸರ ಮಾಲಿನ್ಯ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಬರೆದು ಅಡಿಗೆರೆ ಎಳೆದು, ಗೈಡಿನಿಂದ ಬಾಯಿಪಾಠ ಮಾಡಿದ್ದನ್ನು ಇಳಿಸಿ ಬಂದರೆ ಅಂಕಕ್ಕೆ ಮೋಸವಿಲ್ಲ. ಗ್ರಂಥಾಲಯದ ಬಾಗಿಲನ್ನೇ ನೋಡದ ಹುಡುಗನೂ ಅದರ ಮಹತ್ವದ ಬಗ್ಗೆ ಒಂದೂವರೆ ಪುಟ ಬರೆದಾನು. ಈ ಕೆಲಸವನ್ನು ಕೃತಕ ಬುದ್ಧಿಮತ್ತೆ ಅರೆಗಳಿಗೆಯಲ್ಲಿ ಮಾಡಿಕೊಡುತ್ತದೆಂದು ಈಗ ಗಾಬರಿ ಬಿದ್ದಿದ್ದೇವೆ. ಗಾಬರಿ ಸರಿಯೇ, ಆದರೆ ತಡವಾಗಿ ಬಂತು. ಯೋಚಿಸದೆ ಬರೆಯಬಹುದಾದದ್ದನ್ನೇ ಮಕ್ಕಳಿಂದ ಬರೆಸುತ್ತ ಬಂದೆವು. ಯೋಚಿಸದೆ ಬರೆಯುವ ಯಂತ್ರವೊಂದು ಬಂದು ನಮ್ಮ ಗುಟ್ಟು ರಟ್ಟು ಮಾಡಿತು.

2022ರ ನವೆಂಬರ್ ಕೊನೆಗೆ ಚಾಟ್‌ಜಿಪಿಟಿ ಬಂದಾಗ ಶಿಕ್ಷಣ ಲೋಕಕ್ಕೆ ಮೊದಲು ಹೊಳೆದದ್ದು ಬೀಗ ಹಾಕುವ ಉಪಾಯ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2023ರ ಜನವರಿಯಲ್ಲಿ ಅದನ್ನು ನಿಷೇಧಿಸಿ, ಮೇ ತಿಂಗಳಲ್ಲಿ ನಿಷೇಧ ತೆಗೆದವು. ಆಮೇಲೆ ಹೊಳೆದದ್ದು ಕಳ್ಳನನ್ನು ಹಿಡಿಯುವ ಉಪಾಯ. ಯಂತ್ರದ ಬರಹವನ್ನು ಗುರುತಿಸುವ ತಂತ್ರಾಂಶವನ್ನು ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ ಬಿಟ್ಟಿತು. ಅದು ಹಿಡಿಯುತ್ತಿದ್ದದ್ದು ನೂರಕ್ಕೆ 26ನ್ನು ಮಾತ್ರ. ಆರು ತಿಂಗಳಲ್ಲಿ ಹಿಂತೆಗೆದುಕೊಂಡರು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಸಂಶೋಧಕರು ಇಂಥ ಏಳು ತಂತ್ರಾಂಶಗಳಿಗೆ, ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಕೊಟ್ಟು ನೋಡಿದರು. ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದವು. ಕಾರಣ ಸರಳ: ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಪದಗಳನ್ನೇ ಹುಷಾರಾಗಿ ಜೋಡಿಸುತ್ತಾರೆ, ಆ ಹುಷಾರೇ ಯಂತ್ರದಂತೆ ಕಾಣುತ್ತದೆ. ಇಂಗ್ಲಿಷ್ ಕಷ್ಟಪಟ್ಟು ಕಲಿಯುತ್ತಿರುವ ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜು ಮಕ್ಕಳ ಮೇಲೆ ಈ ತಕ್ಕಡಿ ಹಿಡಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಕೇಳಬೇಕಾದ ಪ್ರಶ್ನೆ ಯಾವುದು? ಇದನ್ನು ಬರೆದವರು ಯಾರು ಎಂಬುದು ಪೊಲೀಸರ ಪ್ರಶ್ನೆ. ಇದಕ್ಕೆ ಉತ್ತರ ಕೊಡುವವರು ಯಾರು ಎಂಬುದು ಮೇಷ್ಟ್ರ ಪ್ರಶ್ನೆ. ಒಂದು ವಾಕ್ಯ ನನ್ನದಾಗುವುದು ಅದನ್ನು ನನ್ನ ಕೈ ಬರೆಯಿತೆಂದಲ್ಲ, "ಹೀಗೇಕೆ ಹೇಳಿದೆ?" ಎಂದು ಯಾರಾದರೂ ತಡೆದು ಕೇಳಿದಾಗ ನಿಂತು ಮಾತಾಡಬಲ್ಲೆ ಎಂಬ ಕಾರಣಕ್ಕೆ. ಯಂತ್ರವನ್ನೂ ಕೇಳಬಹುದು, ಅದೂ ಏನೋ ಒಂದು ಸಮರ್ಥನೆ ಕೊಡುತ್ತದೆ. "ಅದು ತಪ್ಪು" ಅಂದರೆ ಎಷ್ಟೋ ಸಲ ಮರುಕ್ಷಣ ಕ್ಷಮೆ ಕೇಳಿ ತದ್ವಿರುದ್ಧವಾದದ್ದನ್ನು ಅಷ್ಟೇ ನಯವಾಗಿ ಹೇಳುತ್ತದೆ. ಹೇಳಿದ ಮಾತಿನಿಂದ ಅದಕ್ಕೆ ನಷ್ಟವಿಲ್ಲ, ನಾಚಿಕೆಯಿಲ್ಲ. ಬರವಣಿಗೆ ಕಲಿಸುವುದೆಂದರೆ ಮಾತಿಗೆ ಹೊಣೆಯಾಗುವುದನ್ನು ಕಲಿಸುವುದು; ಕಾಗುಣಿತ, ವ್ಯಾಕರಣ, ಲೇಖನ ಚಿಹ್ನೆಗಳೆಲ್ಲ ಅದರ ಪರಿಕರಗಳು.

ಕ್ಯಾಲ್ಕುಲೇಟರ್ ಬಂದಾಗಲೂ ಹೀಗೇ ಹುಯ್ಯಲಿಟ್ಟಿರಿ, ಗಣಿತ ಸತ್ತಿತೇ ಎಂದು ಕೇಳುವವರಿದ್ದಾರೆ. ಹದಿನೇಳನ್ನು ಇಪ್ಪತ್ಮೂರರಿಂದ ಯಾರು ಗುಣಿಸಿದರೂ ಬರುವುದು 391. ನಮ್ಮೂರ ಜಾತ್ರೆಯ ಬಗ್ಗೆ ಬರೆ ಅಂದರೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಬರಬೇಕು. ಎಲ್ಲರಿಗೂ ಒಂದೇ ಬಂದರೆ ಅಲ್ಲಿ ಲೆಕ್ಕ ತಪ್ಪಿದೆ.

ಹತ್ತನೇ ತರಗತಿಯ ಹುಡುಗಿಯೊಬ್ಬಳು ಹೀಗೆ ಬರೆದಳೆಂದು ಇಟ್ಟುಕೊಳ್ಳಿ: "ತೇರು ತಿರುಗೋವಾಗ ಗಾಲಿಗೆ ಮರದ ತುಂಡು ಕೊಡೋದು ನಮ್ಮ ದೊಡ್ಡಪ್ಪ. ಅವತ್ತೊಂದಿನ ಊರವರೆಲ್ಲ ಅವನ ಮಾತು ಕೇಳ್ತಾರೆ." ಇದನ್ನು ಯಂತ್ರಕ್ಕೆ ಕೊಟ್ಟು ತಿದ್ದಿಕೊಡು ಅಂದರೆ ಬರುವುದು ಸಾಮಾನ್ಯವಾಗಿ ಈ ಬಗೆಯದು: "ರಥೋತ್ಸವದ ಸಂದರ್ಭದಲ್ಲಿ ನಮ್ಮ ದೊಡ್ಡಪ್ಪನವರು ಮಹತ್ವದ ಪಾತ್ರವನ್ನು ವಹಿಸುತ್ತಾರೆ ಹಾಗೂ ಗ್ರಾಮಸ್ಥರೆಲ್ಲರ ಗೌರವಕ್ಕೆ ಪಾತ್ರರಾಗಿದ್ದಾರೆ." ವ್ಯಾಕರಣದಲ್ಲಿ ಕೊರತೆಯಿಲ್ಲ, ಗೈಡಿನವರೂ ಮೆಚ್ಚುತ್ತಾರೆ. ಆದರೆ "ಅವತ್ತೊಂದಿನ" ಎಂಬ ಮಾತು ಹೋಯಿತು. ಅದರ ಜೊತೆ, ಉಳಿದ ಮುನ್ನೂರ ಅರವತ್ನಾಲ್ಕು ದಿನ ಆ ದೊಡ್ಡಪ್ಪನ ಮಾತನ್ನು ಊರು ಕೇಳುವುದಿಲ್ಲ ಎಂಬುದೂ ಹೋಯಿತು. ಹುಡುಗಿ ತನಗೆ ಗೊತ್ತಿಲ್ಲದೆಯೇ ಮುಟ್ಟಿದ್ದ ನಿಜವೊಂದು ತಿದ್ದುವಿಕೆಯಲ್ಲಿ ಅಳಿಸಿತು. ಅಷ್ಟೇ ಅಲ್ಲ, ಸುಳ್ಳಾಯಿತು. ಒಳ್ಳೆಯ ಮೇಷ್ಟ್ರಾಗಿದ್ದರೆ ಆ ಮಾತಿನ ಕೆಳಗೆ ಗೆರೆ ಎಳೆದು, "ಉಳಿದ ದಿನ ಯಾಕೆ ಕೇಳೋದಿಲ್ಲ? ಅದನ್ನೂ ಬರಿ" ಅನ್ನುತ್ತಿದ್ದರು. ಪ್ರಬಂಧ ಶುರುವಾಗುವುದೇ ಅಲ್ಲಿ.

ಇಷ್ಟು ಹೇಳಿ ಯಂತ್ರವನ್ನು ಹೊರಗಿಟ್ಟರಾಯಿತೆಂದು ಕೈತೊಳೆದುಕೊಳ್ಳುವಂತಿಲ್ಲ. ಅಂಥ ಮೇಷ್ಟ್ರು ಎಷ್ಟು ಮಕ್ಕಳಿಗೆ ಸಿಗುತ್ತಾರೆ? ಓದಿದ ಮನೆಯ ಹುಡುಗನ ಬರಹವನ್ನು ಅಪ್ಪನೋ ಅಕ್ಕನೋ ನೋಡಿ "ಇದು ಅರ್ಥವಾಗಲಿಲ್ಲ" ಅನ್ನುತ್ತಾರೆ. ಮನೆಯಲ್ಲಿ ಮೊದಲ ಸಲ ಶಾಲೆಯ ಮೆಟ್ಟಿಲು ಹತ್ತಿದವಳಿಗೆ ಓದುಗರೇ ಇಲ್ಲ. ಐವತ್ತು ಮಕ್ಕಳ ತರಗತಿಯಲ್ಲಿ, ಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕಗಳ ನಡುವೆ ಇರುವ ಶಿಕ್ಷಕರು ಪ್ರತಿ ನೋಟ್‌ಬುಕ್ಕನ್ನೂ ಸಾಲು ಸಾಲಾಗಿ ಓದಲಿ ಎಂದು ಎಸಿ ಕೋಣೆಯಲ್ಲಿ ಕೂತು ಉಪದೇಶಿಸುವುದು ಸುಲಭ. ಅಂಥ ಮಕ್ಕಳಿಗೆ ಯಂತ್ರವಾದರೂ ಸಿಗಲಿ ಎಂಬ ವಾದಕ್ಕೆ ತೂಕವಿದೆ, ಒಪ್ಪುತ್ತೇನೆ. ಆದರೆ ಆ ಹುಡುಗಿಗೆ ಕೊರತೆಯಿರುವುದು ಓದುಗರದು. ಬರೆದುಕೊಡುವವರನ್ನು ಒದಗಿಸಿದರೆ ಆ ಕೊರತೆ ತುಂಬುವುದಿಲ್ಲ, ಇದ್ದ ದನಿಯೂ ಹೋಗುತ್ತದೆ.

ಆದ್ದರಿಂದ ಯಂತ್ರವನ್ನು ಓದುಗನ ಜಾಗದಲ್ಲಿ ಕೂರಿಸಬಹುದು, ಲೇಖಕನ ಜಾಗದಲ್ಲಿ ಕೂಡದು. ಮೊದಲ ಕರಡು ಮಗುವಿನದೇ ಆಗಲಿ, ಎಷ್ಟೇ ಒರಟಾಗಿರಲಿ. ಆಮೇಲೆ ಯಂತ್ರಕ್ಕೆ "ತಿದ್ದಬೇಡ, ಒಂದು ವಾಕ್ಯವನ್ನೂ ಬರೆದುಕೊಡಬೇಡ, ನಿನಗೆ ಅರ್ಥವಾಗದ್ದರ ಬಗ್ಗೆ ಮೂರು ಪ್ರಶ್ನೆ ಮಾತ್ರ ಕೇಳು" ಎಂದು ಹೇಳಬಹುದು. ಮೂರರಲ್ಲಿ ಎರಡು ಪೆದ್ದು ಪ್ರಶ್ನೆಯಾದರೂ ಬಾಧಕವಿಲ್ಲ. ಯಾವುದು ಪೆದ್ದು ಎಂದು ತೀರ್ಮಾನಿಸುವುದೂ ಕಲಿಕೆಯೇ. ನನಗೆ ಇನ್ನೂ ಹೆಚ್ಚು ಇಷ್ಟವಾಗುವುದು ಬೇರೊಂದು ಪಾಠ: ಯಂತ್ರ ಬರೆದ ಜಾತ್ರೆಯ ಪ್ರಬಂಧವನ್ನು ಕರಿಹಲಗೆಯ ಮೇಲೆ ಬರೆದು, ಇದರಲ್ಲಿ ನಮ್ಮೂರು ಎಲ್ಲಿದೆ ಹುಡುಕಿ ಎಂದು ಮಕ್ಕಳಿಗೆ ಬಿಡುವುದು. ಕಲಬುರಗಿಯ ಮಗುವಿಗೂ ಕುಂದಾಪುರದ ಮಗುವಿಗೂ ಅದು ಕೊಡುವುದು ಸುದ್ದಿವಾಚಕರ ಒಂದೇ ಕನ್ನಡ. ಹಲಗೆಯ ಮೇಲೆ ಅದು ಬೇಗ ಬಯಲಾಗುತ್ತದೆ.

ಇದರಲ್ಲಿ ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು. ಮನೆಯ ಸಾಲ, ಅಪ್ಪನ ಕುಡಿತದ ಬಗ್ಗೆ ಮಗು ಬರೆದ ಪುಟವನ್ನು ಫೋಟೊ ತೆಗೆದು ಯಾವುದೋ ಆ್ಯಪಿಗೆ ಏರಿಸುವ ಮೊದಲು ಶಿಕ್ಷಕರು ಇದನ್ನು ನೆನೆಯಬೇಕು.

ಹೊಣೆಯ ಮಾತು ಮಕ್ಕಳಿಗಷ್ಟೇ ಅನ್ವಯಿಸುವುದೂ ಅಲ್ಲ. ಮಗು ಯಂತ್ರದಿಂದ ಬರೆಸಿ, ಮೇಷ್ಟ್ರು ಯಂತ್ರದಿಂದ ಅಂಕ ಹಾಕಿಸಿದರೆ ಆ ತರಗತಿಯಲ್ಲಿ ಯಾರೂ ಯಾರಿಗೂ ಏನನ್ನೂ ಹೇಳಿದಂತಾಗಲಿಲ್ಲ. ಯಂತ್ರ ಕೊಟ್ಟ ಷರಾವನ್ನು ತನ್ನದೆಂಬಂತೆ ಕೆಂಪು ಶಾಯಿಯಲ್ಲಿ ಬರೆಯುವ ಶಿಕ್ಷಕರಿಗೆ ನಕಲು ಹೊಡೆದ ಹುಡುಗನನ್ನು ಬೈಯುವ ಹಕ್ಕಿಲ್ಲ.

ಪ್ರಶ್ನೆಪತ್ರಿಕೆ ತೆಗೆಯುವವರಿಗೆ, ಆಂತರಿಕ ಅಂಕ ಕೊಡುವವರಿಗೆ ನನ್ನ ಕೋರಿಕೆ ಇಷ್ಟೆ. ಗ್ರಂಥಾಲಯದ ಮಹತ್ವವನ್ನು ಕೈಬಿಡಿ, ಗೈಡಿನಲ್ಲಿ ಇರಲಾರದ ವಿಷಯ ಕೊಡಿ. ಆಂತರಿಕ ಅಂಕಗಳಲ್ಲಿ ಒಂದಷ್ಟನ್ನು, ಮಗು ತನ್ನ ಪ್ರಬಂಧವನ್ನು ಎದುರಿಗಿಟ್ಟುಕೊಂಡು ಐದು ನಿಮಿಷ ಆಡುವ ಮಾತಿಗೆ ತೆಗೆದಿಡಿ. ಒಂದು ವಾಕ್ಯದ ಮೇಲೆ ಬೆರಳಿಟ್ಟು "ಇದನ್ನು ಯಾಕೆ ಬರೆದೆಯಮ್ಮಾ?" ಎಂದು ಕೇಳಿ, ಉತ್ತರ ಮುಗಿಯುವ ತನಕ ಕೇಳಿಸಿಕೊಳ್ಳಿ.