ಲೆಕ್ಕಶುದ್ಧಿ ಮತ್ತು ಚಿತ್ತಶುದ್ಧಿ

ಸಂಶಯವು ಎರಡು ಬಗೆಯದು. ಒಂದು ಅರಿವಿಗೆ ದಾರಿ ಮಾಡಿಕೊಡುತ್ತದೆ. ಇನ್ನೊಂದು ಅಂತಃಕರಣವನ್ನು ಸುಡುತ್ತದೆ. ನ್ಯಾಯಶಾಸ್ತ್ರವು ಎಣಿಸುವ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು, ನಿರ್ಣಯವೂ ಒಂದು. ಸಂಶಯದಿಂದ ಹೊರಟವನು ಪ್ರಮಾಣಗಳ ಬಲದಿಂದ ನಿರ್ಣಯವನ್ನು ಸೇರಬೇಕು. ಈ ನಡುವಣ ದಾರಿಯನ್ನು ನಡೆಯದೆ ನೇರವಾಗಿ ನಿರ್ಣಯಕ್ಕೆ ಹಾರುವವನು ದೋಷವನ್ನು ಕಾಣಲಾರದೆ ದೋಷಿಯನ್ನು ಕಲ್ಪಿಸಿಕೊಳ್ಳುತ್ತಾನೆ. ಈ ಮಾತು ಪಂಡಿತರ ಗೋಷ್ಠಿಗೆ ಮಾತ್ರ ಸಲ್ಲುವುದೆಂದು ಭಾವಿಸಬಾರದು. ಗೃಹಸ್ಥನ ಮನೆಗೆ ತಿಂಗಳಿಗೊಮ್ಮೆ ಬರುವ ವಿದ್ಯುತ್ ಬಿಲ್ಲಿಗೂ ಇದು ಸಲ್ಲುತ್ತದೆ.

ಬೆಂಗಳೂರಿನ ಬಹುಮಹಡಿ ಕಟ್ಟಡವೊಂದರ ಫ್ಲಾಟಿನಲ್ಲಿ ಬಾಡಿಗೆಗಿರುವ ಒಂದು ಕುಟುಂಬವನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳಬಹುದು. ಅವರ ಬಳಕೆ ತಿಂಗಳಿಗೆ 165 ಯುನಿಟ್ಟಿನ ಆಸುಪಾಸಿನಲ್ಲಿದ್ದು, 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಫಲವಾಗಿ ಶೂನ್ಯ ಬಿಲ್ಲೇ ಬರುತ್ತಿತ್ತು. ಒಂದು ತಿಂಗಳು ಆ ಅಂಕಿ 212ಕ್ಕೆ ಏರಿತು. ಬಳಕೆ 200 ಯುನಿಟ್ಟನ್ನು ಮೀರಿದರೆ ಮೀರಿದಷ್ಟಕ್ಕೆ ಮಾತ್ರವಲ್ಲ, ಇಡೀ ಬಳಕೆಗೆ ಹಣ ತೆರಬೇಕೆಂಬುದು ಆ ಯೋಜನೆಯ ನಿಯಮ. ಸೊನ್ನೆಯಿದ್ದ ಸ್ಥಾನದಲ್ಲಿ ನಾಲ್ಕಂಕಿಯ ಮೊತ್ತ ಬಂದು ನಿಂತಿತು.

ಯಜಮಾನನು ರಾತ್ರಿ ಓದುವ ಮಗನನ್ನು ಗದರಿದನು. ಗೃಹಿಣಿಯು ಇಸ್ತ್ರಿ ಮಾಡುವ ಮನೆಗೆಲಸದಾಕೆಯನ್ನು ಅನುಮಾನಿಸಿದಳು. ಮನೆಯ ಮಾಲೀಕರೇ ಏನೋ ಮೋಸ ಮಾಡಿರಬೇಕೆಂಬ ಮಾತೂ ಬಂದಿತು. ನಡುವೆ ಯಾರೋ ಬಿಸಿನೀರಿನ ಗೀಸರಿನ ಹೆಸರೆತ್ತಿದರು. ಒಳಕೋಣೆಯಲ್ಲಿದ್ದ ವೃದ್ಧ ತಾಯಿ ಅದನ್ನು ಕೇಳಿಸಿಕೊಂಡರು. ಮರುದಿನ ಬೆಳಗ್ಗೆ ಯಾರಿಗೂ ಹೇಳದೆ ತಣ್ಣೀರಿನಲ್ಲಿ ಮಿಂದರು. ಬಿಲ್ಲಿನ ಹಣವನ್ನು ಕಟ್ಟುವುದಕ್ಕೆ ಮೊದಲೇ ಆ ಮನೆ ತೆತ್ತ ಬೆಲೆಯಿದು.

ಕ್ರಮವನ್ನರಿತವನು ಮೊದಲು ಕಾಗದವನ್ನು ಓದುತ್ತಾನೆ, ಮನುಷ್ಯರನ್ನಲ್ಲ. ಬಿಲ್ಲಿನ ಮೇಲಿರುವ ಆರ್.ಆರ್. ಸಂಖ್ಯೆ ತನ್ನ ಮನೆಯದೇ? ಮೀಟರಿನ ಸಂಖ್ಯೆ ತಾಳೆಯಾಗುವುದೇ? ಹಿಂದಿನ ಮಾಪನ, ಇಂದಿನ ಮಾಪನಗಳ ವ್ಯತ್ಯಾಸ ಸರಿಯೇ? ಬಾಗಿಲು ಹಾಕಿದ್ದುದರಿಂದ ಸರಾಸರಿ ಬರೆದರೇ? ಹಳೆಯ ಬಾಕಿಯಾಗಲಿ ಹೆಚ್ಚುವರಿ ಭದ್ರತಾ ಠೇವಣಿಯಾಗಲಿ ಸೇರಿದೆಯೇ? ಇವೆಲ್ಲವನ್ನೂ ಹತ್ತು ನಿಮಿಷದಲ್ಲಿ ತಿಳಿಯಬಹುದು.

ಎರಡನೆಯದು ಉಪಕರಣಗಳ ಲೆಕ್ಕ. 1000 ವ್ಯಾಟಿನ ಸಾಧನ ಒಂದು ಗಂಟೆ ನಡೆದರೆ ಒಂದು ಯುನಿಟ್. 2000 ವ್ಯಾಟಿನ ಗೀಸರು ದಿನಕ್ಕೆ ಒಂದು ಗಂಟೆ ಕಾದರೆ ತಿಂಗಳಿಗೆ 60 ಯುನಿಟ್. ಬಿಸಿನೀರಿನ ನಲ್ಲಿ ತೊಟ್ಟಿಕ್ಕುತ್ತಿದ್ದರೆ, ಗೀಸರಿನ ಸ್ವಿಚ್ಚನ್ನು ಆರಿಸದಿದ್ದರೆ, ಅದು ಮತ್ತೆ ಮತ್ತೆ ಕಾಯುತ್ತಲೇ ಇರುತ್ತದೆ. ಫ್ರಿಜ್ಜಿನ ಬಾಗಿಲಿನ ರಬ್ಬರು ಹರಿದಿದ್ದರೆ ಅದರ ಯಂತ್ರಕ್ಕೆ ವಿಶ್ರಾಂತಿಯೇ ಇರದು.

ಮೂರನೆಯದು ಮುಖ್ಯವಾದ ಪರೀಕ್ಷೆ. ಮನೆಯ ಮೇನ್ ಸ್ವಿಚ್ಚನ್ನು ಆರಿಸಿ, ಕೆಳಗಿನ ಮೀಟರ್ ಬೋರ್ಡಿನ ಬಳಿ ನಿಂತು, ತನ್ನ ಮೀಟರಿನ ಪುಟ್ಟ ಕೆಂಪು ದೀಪವನ್ನು ನೋಡಬೇಕು. ಬಳಕೆಯಿದ್ದಾಗ ಅದು ಮಿನುಗುತ್ತದೆ. ಬಳಕೆಯಿಲ್ಲದಾಗ ಆರಿರುತ್ತದೆ ಅಥವಾ ಮಿನುಗದೆ ಸ್ಥಿರವಾಗಿ ಉರಿಯುತ್ತದೆ. ಸ್ವಿಚ್ಚು ಆರಿದ ಮೇಲೂ ಮಿನುಗಿದರೆ, ಮೀಟರು ಕೆಟ್ಟಿರಬೇಕು. ಇಲ್ಲವೇ ಮೀಟರಿಗೂ ಮೇನ್ ಸ್ವಿಚ್ಚಿಗೂ ನಡುವೆ ಬೇರೊಂದು ತಂತಿ ಸೇರಿರಬೇಕು.

ಆ ಕುಟುಂಬದವರು ಕಡೆಗೆ ಈ ಕ್ರಮವನ್ನು ಹಿಡಿದರು. ಕಟ್ಟಡದ ನೀರಿನ ಪಂಪು ನಡೆದಾಗ ದೀಪ ಬೇಗಬೇಗನೆ ಮಿನುಗಿತು; ಪಂಪು ನಿಂತಾಗ ಮಿನುಗುವುದೂ ನಿಂತಿತು. ಅನ್ವಯ, ವ್ಯತಿರೇಕವೆಂದು ಶಾಸ್ತ್ರಕಾರರು ಕರೆಯುವುದು ಇದನ್ನೇ. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಅಷ್ಟು ಶಕ್ತಿಯ ಪಂಪು ಪೂರ್ಣ ಹೊರೆಯಲ್ಲಿ ದಿನಕ್ಕೆರಡು ಗಂಟೆ ನಡೆದರೆ ತಿಂಗಳಿಗೆ ಸುಮಾರು 45 ಯುನಿಟ್ಟಿಗೆ ಕಡಿಮೆಯಾಗದು. ಏರಿದ ಅಂಕಿಗೆ ಕಾರಣ ಅಲ್ಲಿತ್ತು. ಹಿಂದಿನ ತಿಂಗಳು ಪಂಪಿನ ದುರಸ್ತಿಯಾದಾಗ ಕೆಲಸದವನು ತಂತಿಯನ್ನು ತಪ್ಪು ಕಡೆಗೆ ಜೋಡಿಸಿದ್ದನು. ಮಗನೂ ಕೆಲಸದಾಕೆಯೂ ನಿರ್ದೋಷಿಗಳು. ಮಾಲೀಕರಿಗೆ ಈ ಸಂಗತಿಯೇ ತಿಳಿದಿರಲಿಲ್ಲ.

ಇಂತಹ ಸಂದರ್ಭದಲ್ಲಿ ಪಂಚಾಚಾರಗಳು ಬಾಳಿನ ಆಚರಣೆಗಳೆಂಬುದು ಸ್ಪಷ್ಟವಾಗುತ್ತದೆ. ಅನ್ಯಾಯವನ್ನು ಸಹಿಸಿಕೊಂಡು ಸುಮ್ಮನಿರುವುದು ಗಣಾಚಾರಕ್ಕೆ ಒಪ್ಪದು. ಅಹಂಕಾರದಿಂದ ಎರಗುವುದು ಭೃತ್ಯಾಚಾರಕ್ಕೆ ಒಪ್ಪದು. "ಸ್ವಾಮಿ, ಪಂಪು ನಿಂತರೆ ಮೀಟರಿನ ದೀಪವೂ ನಿಲ್ಲುತ್ತದೆ, ತಾವೇ ಒಮ್ಮೆ ಬಂದು ನೋಡಬೇಕು" ಎಂದರೆ ಎರಡೂ ಉಳಿಯುತ್ತವೆ. ಮೀಟರಿನ ಮುದ್ರೆಯನ್ನು ಮುಟ್ಟದೆ, ಬೋರ್ಡನ್ನು ತಾನೇ ಬಿಚ್ಚದೆ, ಬಲ್ಲ ಎಲೆಕ್ಟ್ರಿಷಿಯನ್ನಿನಿಂದ ಸರಿಪಡಿಸಿಕೊಳ್ಳಬೇಕು. ಮೀಟರೇ ಕೆಟ್ಟಿದ್ದರೆ ಅದರ ಪರೀಕ್ಷೆಗೆ ವಿದ್ಯುತ್ ಕಚೇರಿಯಲ್ಲಿ ಲಿಖಿತವಾಗಿ ಕೇಳಬೇಕು. ಅಲ್ಲಿಯೂ ನ್ಯಾಯ ದೊರೆಯದಿದ್ದರೆ 2003ರ ವಿದ್ಯುಚ್ಛಕ್ತಿ ಕಾಯಿದೆಯಂತೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆಯಿದೆ.

ಆದರೆ ಸದಾಚಾರದ ನಿಜವಾದ ಪರೀಕ್ಷೆ ಇನ್ನೂ ಮುಂದಿದೆ. ಇದೇ ಶೋಧನೆ ವಿಪರೀತ ಫಲವನ್ನು ಕೊಟ್ಟಿದ್ದರೆ? ಯುಪಿಎಸ್ ಮೊದಲಾದುವಿಲ್ಲದ ಮನೆಯಲ್ಲಿ ಮೇನ್ ಸ್ವಿಚ್ಚನ್ನು ಆರಿಸಿದ ಮೇಲೂ ಅಡುಗೆಮನೆಯ ದೀಪ ಉರಿಯುತ್ತಿದ್ದರೆ, ಆ ಬೆಳಕು ನೆರೆಯವನ ಮೀಟರಿನಿಂದ ಬರುತ್ತಿರಬಹುದು. ತನಗೆ ನಷ್ಟವಾದಾಗ ಎರಡು ದಿನ ಮೆಟ್ಟಿಲಿಳಿದು ಶೋಧಿಸಿದವನು, ತನಗೆ ಲಾಭವಾದಾಗ ಅದೇ ಮೆಟ್ಟಿಲಿಳಿದು ನೆರೆಯವನ ಬಾಗಿಲನ್ನು ತಟ್ಟುವನೇ? ತಟ್ಟಿದರೆ ಅವನ ಕಾಯಕದ ಅನ್ನ ಶುದ್ಧ. ತಟ್ಟದಿದ್ದರೆ, ಯಾರೂ ಕಾಣದ ಆ ತಂತಿಯ ಮೂಲಕ ಪರಧನವು ದಿನವೂ ಅವನ ಮನೆಯೊಳಕ್ಕೆ ಹರಿಯುತ್ತದೆ. ತಿಳಿದೂ ಸುಮ್ಮನಿದ್ದ ದಿನದಿಂದ ಅದು ಕೆಲಸದವನ ತಪ್ಪಲ್ಲ, ಅವನದೇ ತಪ್ಪು.

ತಂತಿಯನ್ನು ಸರಿಪಡಿಸಿದ ಮೇಲೆ ಆ ಮನೆಯ ಹಣ ಮಾಲೀಕರಿಂದ ಹಿಂದಕ್ಕೆ ಬಂದಿತು. ಆಡಿದ ಮಾತು ಮಾತ್ರ ಹಾಗೆ ಹಿಂದಕ್ಕೆ ಬರುವುದಲ್ಲ. ಕೆಲಸದಾಕೆಯ ಮುಂದೆಯೂ ತಾಯಿಯ ಮುಂದೆಯೂ ನಿಂತು ತಪ್ಪನ್ನೊಪ್ಪಿಕೊಂಡೇ ಅದನ್ನು ತೀರಿಸಬೇಕು. ಆದಕಾರಣ ಸದ್ಗೃಹಸ್ಥರು ಸಂಶಯ ಬಂದಾಗ ಮೊದಲು ವಸ್ತುವನ್ನು ಶೋಧಿಸಲಿ, ಬಳಿಕ ತಮ್ಮನ್ನು ಶೋಧಿಸಿಕೊಳ್ಳಲಿ. ಮನುಷ್ಯರ ಮೇಲೆ ದೋಷವನ್ನು ಹೊರಿಸುವುದಕ್ಕೆ ಅವಸರಪಡದಿರಲಿ. ಸರ್ವರಿಗೂ ಸನ್ಮಂಗಳವಾಗಲಿ.